ಯಾವ ಪ್ರೊಸೆಸರ್ ಕೊಳ್ಳಲಿ ಎನ್ನುವ ಮುಂಚೆ: ನಿಮ್ಮ ಕ್ಯಾಮೆರಾ ಏನು ಬರೆಯುತ್ತಿದೆ?

ಪ್ರಶ್ನೆ: ನಾನು ವಾರಕ್ಕೆ ಎರಡು ವಿಡಿಯೊ ಮಾಡುತ್ತೇನೆ. ಸ್ವಲ್ಪ ಫೋನ್‌ನಲ್ಲಿ, ಹೆಚ್ಚಿನದು ಮಿರರ್‌ಲೆಸ್ ಕ್ಯಾಮೆರಾದಲ್ಲಿ. ಎಲ್ಲವೂ 4ಕೆ. ಪ್ರೀಮಿಯರ್ ಪ್ರೊದಲ್ಲಿ ಎಡಿಟ್, ಥಂಬ್‌ನೇಲ್‌ಗೆ ಫೋಟೊಶಾಪ್. 3ಡಿ ಚಿತ್ರ ಕಟ್ಟುವ ಬ್ಲೆಂಡರ್ ಕಲಿಯುವ ಆಸೆಯೂ ಇದೆ. ಈಗಿರುವುದು ಹಳೆಯ, ನಾಲ್ಕು ಕೋರ್‌ನ ವಿಂಡೋಸ್ ಲ್ಯಾಪ್‌ಟಾಪ್. ಟೈಮ್‌ಲೈನ್ ಮೇಲೆ ಕೈಯಿಟ್ಟರೆ ಸಾಕು, ನಿಂತುಬಿಡುತ್ತದೆ. ಒಬ್ಬ ಗೆಳೆಯ ಇಂಟೆಲ್‌ನ ಐ9 ತಗೋ ಅನ್ನುತ್ತಾನೆ. ಇನ್ನೊಬ್ಬ ಎಎಂಡಿಯ 16 ಕೋರ್‌ನ ರೈಜನ್ ಬಿಟ್ಟು ಬೇರೆ ನೋಡಲೇಬೇಡ ಅನ್ನುತ್ತಾನೆ. ಗೆಳತಿಯೊಬ್ಬಳು ಮ್ಯಾಕ್ ಅನ್ನುತ್ತಾಳೆ. ತಲೆ ಕೆಟ್ಟುಹೋಗಿದೆ. ಯಾವುದು ಕೊಳ್ಳಲಿ?

ಉತ್ತರ: ನಿಮ್ಮ ಮೂವರು ಸ್ನೇಹಿತರೂ ಅವರವರ ಕೆಲಸಕ್ಕೆ ಸರಿಹೊಂದಿದ್ದನ್ನೇ ಹೇಳಿರಬಹುದು. ಆದರೆ ಅವರು ನಿಮ್ಮ ಕೆಲಸ ನೋಡಿಲ್ಲ. ನೀವೂ ಇಷ್ಟೆಲ್ಲ ವಿವರ ಕೊಟ್ಟು, ನನಗೆ ಮೊದಲು ಬೇಕಾದದ್ದನ್ನೇ ಬಿಟ್ಟಿದ್ದೀರಿ. ನಿಮ್ಮ ಕ್ಯಾಮೆರಾ ಕಾರ್ಡ್‌ಗೆ ಬರೆಯುವ ಫೈಲ್ ಯಾವ ಬಗೆಯದು? 4ಕೆ ಅನ್ನುವುದು ಚಿತ್ರದ ಅಳತೆ ಅಷ್ಟೇ. ಆ ಚಿತ್ರವನ್ನು ಹೇಗೆ ಮಡಿಸಿ ಇಟ್ಟಿದೆ ಅನ್ನುವುದು ಬೇರೆಯೇ ವಿಷಯ. ನಿಮ್ಮ ಟೈಮ್‌ಲೈನ್ ನಿಲ್ಲುತ್ತಿರುವುದು ಬಹುಶಃ ಅಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಮಾತು. ಕಂಪ್ಯೂಟರ್ ನಮ್ಮನ್ನು ಎರಡು ರೀತಿ ಕಾಯಿಸುತ್ತದೆ. ಒಂದು, ಕೂತು ಕಾಯುವುದು. ಪ್ಲೇ ಒತ್ತಿದ ಮೇಲೆ ಚಿತ್ರ ಅಲುಗಾಡುವ ತನಕ, ಬ್ರಷ್ ಎಳೆದ ಮೇಲೆ ಗೆರೆ ಮೂಡುವ ತನಕ. ಇನ್ನೊಂದು, ಎದ್ದು ಹೋಗಿ ಕಾಯುವುದು. ಎಕ್ಸ್‌ಪೋರ್ಟ್, ರೆಂಡರ್, ಸಾವಿರ ಫೋಟೊಗೆ ಪ್ರಿವ್ಯೂ ಕಟ್ಟುವುದು. ಅಂಗಡಿಯವರು, ವಿಮರ್ಶೆಯ ಚಾರ್ಟ್‌ಗಳು, ಗೆಳೆಯರು ಎಲ್ಲರೂ ಜಾಸ್ತಿ ಮಾತಾಡುವುದು ಎರಡನೆಯದರ ಬಗ್ಗೆ. ಯಾಕೆಂದರೆ ಅದನ್ನು ಅಳೆಯುವುದು ಸುಲಭ. ಗಡಿಯಾರ ಇಟ್ಟರೆ ಸಾಕು.

ಆದರೆ ಒಬ್ಬರೇ ಕೂತು ವಾರಕ್ಕೆ ಎರಡು ವಿಡಿಯೊ ಮಾಡುವವರಿಗೆ ಮೊದಲನೆಯದೇ ನಿಜವಾದ ಕಾಟ. 20 ನಿಮಿಷದ ಎಕ್ಸ್‌ಪೋರ್ಟ್ 10ಕ್ಕೆ ಇಳಿದರೆ ಉಳಿಯುವುದು ನೀವು ಹೇಗೂ ಕುರ್ಚಿ ಬಿಟ್ಟು ಎದ್ದಿದ್ದ 10 ನಿಮಿಷ. ಪ್ಲೇ ಒತ್ತಿದಾಗ ಅರ್ಧ ಸೆಕೆಂಡ್ ತಡ ಅಂದುಕೊಳ್ಳಿ. ಸಾವಿರ ಸಲ ಒತ್ತಿದರೂ ಒಟ್ಟು ಎಂಟು ನಿಮಿಷ ಚಿಲ್ಲರೆ. ಲೆಕ್ಕದಲ್ಲಿ ಇದೇ ಕಡಿಮೆ. ಆದರೆ ಆ ಅರ್ಧ ಸೆಕೆಂಡ್ ಬಂದಾಗಲೆಲ್ಲ ಕೈ ತಡೆಯುತ್ತದೆ. ಎಲ್ಲಿ ಕತ್ತರಿಸಬೇಕು ಎಂದು ಕಿವಿ ಹಿಡಿದಿದ್ದ ಲಯ ತಪ್ಪುತ್ತದೆ. ಎರಡು ಗಂಟೆ ಹೀಗೇ ಆದರೆ "ಇರಲಿ ಬಿಡು, ಇಷ್ಟು ಸಾಕು" ಅಂತ ಎದ್ದುಬಿಡುತ್ತೇವೆ. ಅದು ವಿಡಿಯೊದಲ್ಲಿ ಕಾಣುತ್ತದೆ.

ಹಾಗಾಗಿ ದುಡ್ಡು ಬಿಚ್ಚುವ ಮುಂಚೆ ಈಗಿರುವ ಲ್ಯಾಪ್‌ಟಾಪ್‌ನಲ್ಲೇ ಒಂದು ಪರೀಕ್ಷೆ ಮಾಡಿ. ನಿಮಗೆ ಅತಿ ಹೆಚ್ಚು ಕಾಟ ಕೊಡುವ ಪ್ರಾಜೆಕ್ಟ್ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್ಸ್ ಆರಿಸಿ. ಕೋರ್ ಅಂದರೆ ಪ್ರೊಸೆಸರ್ ಒಳಗಿನ ಒಬ್ಬ ಕೆಲಸಗಾರ. ನಿಮ್ಮ ನಾಲ್ಕು ಕೋರ್‌ಗಳಲ್ಲಿ ಒಂದೊಂದೂ ಎರಡು ಥ್ರೆಡ್, ಅಂದರೆ ಎರಡು ಕೆಲಸದ ಸಾಲು, ನಡೆಸುವಂಥದ್ದಾದರೆ ಒಂದು ಗ್ರಾಫ್ ಇದ್ದದ್ದು ಎಂಟು ಚಿಕ್ಕ ಪೆಟ್ಟಿಗೆಗಳಾಗುತ್ತದೆ. ಈಗ ಟೈಮ್‌ಲೈನ್ ಓಡಿಸಿ, ಗ್ರಾಫ್ ನೋಡಿ.

ಎಂಟೂ ಪೆಟ್ಟಿಗೆ ತುಂಬಿ ತುಳುಕುತ್ತಿದ್ದರೆ ಪ್ರೊಸೆಸರ್ ನಿಜವಾಗಿಯೂ ಒದ್ದಾಡುತ್ತಿದೆ. ಆಗ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್‌ನ, ಪುಟಕ್ಕೂ ಹೋಗಿ, ಅಲ್ಲಿ ವಿಡಿಯೊ ಡಿಕೋಡ್ ಎಂಬ ಗ್ರಾಫ್ ಹುಡುಕಿ. ಮಡಿಸಿಟ್ಟ ವಿಡಿಯೊ ಬಿಡಿಸುವ ಕೆಲಸ ಅಲ್ಲಿ ಕಾಣುತ್ತದೆ. ಪ್ರೊಸೆಸರ್ ಬೆವರು ಹರಿಸುತ್ತಿರುವಾಗ ಅದು ಸೊನ್ನೆಯಲ್ಲಿ ಮಲಗಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಇನ್ನು ಒಟ್ಟು ಸಿಪಿಯು ಬಳಕೆ ಶೇಕಡಾ 12–13ರ ಆಸುಪಾಸಿನಲ್ಲೇ ನಿಂತು, ಆದರೂ ತೆರೆ ತಡವರಿಸುತ್ತಿದ್ದರೆ, ಎಂಟರಲ್ಲಿ ಒಂದೇ ಥ್ರೆಡ್ ದುಡಿಯುತ್ತಿದೆ ಎಂದರ್ಥ. ಆ ಒಂದು ಕೆಲಸವನ್ನು ವಿಂಡೋಸ್ ಅಲ್ಲಿಂದಿಲ್ಲಿಗೆ ಎತ್ತಿಡುತ್ತಿರುತ್ತದೆ. ಆದ್ದರಿಂದ ಎಲ್ಲ ಪೆಟ್ಟಿಗೆಯಲ್ಲೂ ಸ್ವಲ್ಪ ಸ್ವಲ್ಪ ಕಾಣಬಹುದು. ಮೋಸ ಹೋಗಬೇಡಿ, ಒಟ್ಟು ಲೆಕ್ಕ ನೋಡಿ. ಮೆಮೊರಿ ಬಳಕೆ ಶೇಕಡಾ 95ರ ಮೇಲೆ ಹೋಗಿ ಡಿಸ್ಕ್ ಒಂದೇ ಸಮ ಓಡುತ್ತಿದ್ದರೆ ನಿಮಗೆ ಬೇಕಿರುವುದು ರ‍್ಯಾಮ್. ಪ್ರೊಸೆಸರ್ ಮಾತೇ ಅಲ್ಲಿಗೆ ಮುಗಿಯಿತು.

ನನ್ನ ಊಹೆ: ನಿಮ್ಮಲ್ಲಿ ಡಿಕೋಡ್ ಗ್ರಾಫ್ ಮಲಗಿರುತ್ತದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಉತ್ತರದ ತಿರುಳು ಇಲ್ಲೇ ಇದೆ.

4ಕೆ ವಿಡಿಯೊದ ಒಂದು ಫ್ರೇಮ್‌ನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತವೆ. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದೊಂದಕ್ಕೂ ಕಂಪ್ಯೂಟರ್‌ಗೆ ಸಿಗುವ ಸಮಯ 33 ಮಿಲಿಸೆಕೆಂಡ್. ಇಷ್ಟನ್ನೂ ಹಾಗೇ ಬರೆದಿಟ್ಟರೆ ಕಾರ್ಡ್ ನಿಮಿಷಗಳಲ್ಲಿ ತುಂಬಿಬಿಡುತ್ತದೆ. ಆದ್ದರಿಂದ ಕ್ಯಾಮೆರಾ ಜಾಣತನ ಮಾಡುತ್ತದೆ. ಒಂದು ಫ್ರೇಮ್ ಪೂರ್ತಿ ಬರೆಯುತ್ತದೆ. ಮುಂದಿನ ಹದಿನಾಲ್ಕೋ ಇಪ್ಪತ್ತೊಂಬತ್ತೋ ಫ್ರೇಮ್‌ಗಳಲ್ಲಿ ಏನು ಬದಲಾಯಿತೋ ಅದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಮತ್ತೊಂದು ಪೂರ್ತಿ ಫ್ರೇಮ್. 2003ರಲ್ಲಿ ಬಂದ ಎಚ್.264, 2013ರಲ್ಲಿ ಬಂದ ಎಚ್.265 ಎರಡೂ ಮಾಡುವುದು ಇದನ್ನೇ. ಎರಡನೆಯದಕ್ಕೆ ಎಚ್‌ಇವಿಸಿ ಅಂತಲೂ ಹೆಸರು. ಅದರ ಮಡಿಕೆ ಇನ್ನೂ ಬಿಗಿ.

ನೋಡುವವರಿಗೆ ಇದರಿಂದ ತೊಂದರೆಯಿಲ್ಲ. ಅವರು ಮೊದಲಿಂದ ಕೊನೆಗೆ ಸಾಲಾಗಿ ನೋಡುತ್ತಾರೆ. ಎಡಿಟ್ ಮಾಡುವವರು ಹಾಗಲ್ಲ, ಜಿಗಿಯುತ್ತಾರೆ. ನೀವು ಹದಿನಾಲ್ಕನೇ ಫ್ರೇಮ್ ಮೇಲೆ ಮೌಸ್ ಇಟ್ಟರೆ ಆ ಚಿತ್ರ ಎಲ್ಲೂ ಪೂರ್ತಿಯಾಗಿ ಇಲ್ಲವೇ ಇಲ್ಲ. ಕಂಪ್ಯೂಟರ್ ಹಿಂದಿನ ಪೂರ್ತಿ ಫ್ರೇಮ್‌ಗೆ ಹೋಗಿ, ಅಲ್ಲಿಂದ ಬದಲಾವಣೆಗಳನ್ನು ಕೂಡಿಸಿಕೊಂಡು ಬರಬೇಕು. ಹಿಮ್ಮುಖವಾಗಿ ಓಡಿಸಿದರಂತೂ ಪ್ರತಿ ಹೆಜ್ಜೆಗೂ ಇದೇ ಗೋಳು. ಮೂರು ಕ್ಯಾಮೆರಾ ಒಟ್ಟಿಗೆ ಹಾಕಿದರೆ ಗೋಳು ಮೂರು ಪಟ್ಟು.

ಈ ಬಿಡಿಸುವ ಕೆಲಸಕ್ಕೆ ಚಿಪ್‌ನಲ್ಲಿ ಬೇರೆಯದೇ ಒಂದು ಮೂಲೆ ಇರುತ್ತದೆ. ಅದಕ್ಕೆ ಬೇರೇನೂ ಬರುವುದಿಲ್ಲ. ಆದರೆ ಈ ಒಂದು ಕೆಲಸವನ್ನು ಸಲೀಸಾಗಿ, ಬಿಸಿಯಾಗದೆ ಮಾಡುತ್ತದೆ. ಇಂಟೆಲ್ 2011ರಿಂದ ಇದನ್ನು ಕ್ವಿಕ್ ಸಿಂಕ್ ಅಂತ ಕರೆಯುತ್ತಿದೆ. ಎನ್‌ವಿಡಿಯಾ, ಎಎಂಡಿ, ಆಪಲ್ ಎಲ್ಲರ ಹತ್ತಿರವೂ ಅವರವರದ್ದು ಇದೆ. ನಿಮ್ಮ ಫೈಲ್ ಆ ಮೂಲೆಗೆ ಅರ್ಥವಾಗುವ ಬಗೆಯದಾಗಿದ್ದರೆ ಸಾಧಾರಣ ಪ್ರೊಸೆಸರ್‌ನಲ್ಲೂ ಟೈಮ್‌ಲೈನ್ ಬೆಣ್ಣೆಯ ಹಾಗೆ ಜಾರುತ್ತದೆ. ಅರ್ಥವಾಗದಿದ್ದರೆ ಇಡೀ ಹೊರೆ ಸಾಮಾನ್ಯ ಕೋರ್‌ಗಳ ತಲೆ ಮೇಲೆ ಬೀಳುತ್ತದೆ. ಆಗ ಕೋರ್‌ಗಳು ತಿಪ್ಪರಲಾಗ ಹಾಕಿದರೂ ಕಷ್ಟ.

ಯಾವುದು ಅರ್ಥವಾಗುತ್ತದೆ, ಯಾವುದು ಇಲ್ಲ ಅನ್ನುವುದು ನಿಂತಿರುವುದು 4:2:0, 4:2:2 ಎಂಬ ಅಂಕಿಗಳ ಮೇಲೆ. ಕ್ಯಾಮೆರಾ ಪ್ರತಿ ಪಿಕ್ಸೆಲ್‌ಗೂ ಬೆಳಕು ಎಷ್ಟು ಅಂತ ಬರೆಯುತ್ತದೆ, ಬಣ್ಣದಲ್ಲಿ ಮಾತ್ರ ಉಳಿತಾಯ ಮಾಡುತ್ತದೆ. 4:2:0 ಅಂದರೆ ಬಣ್ಣದ ವಿವರ ಕಾಲು ಭಾಗ. 4:2:2 ಅಂದರೆ ಅರ್ಧ. ಸಾಮಾನ್ಯವಾಗಿ ಫೋನ್‌ಗಳು ಬರೆಯುವುದು 4:2:0. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ 4:2:2 10-ಬಿಟ್ ಆಯ್ಕೆ ಇರುತ್ತದೆ. 10-ಬಿಟ್ ಅಂದರೆ ಬಣ್ಣದ ಛಾಯೆಗಳನ್ನು ಇನ್ನೂ ನುಣುಪಾಗಿ ಬರೆಯುವುದು. ಬಣ್ಣ ತಿದ್ದಲು ಒಳ್ಳೆಯದು ಅಂತ ಯಾರೋ ಹೇಳಿದ್ದು ಕೇಳಿ ನಾವು ಅದನ್ನೇ ಆನ್ ಮಾಡಿಟ್ಟಿರುತ್ತೇವೆ, ಅಲ್ವಾ?

ಎಚ್.265, 4:2:2, 10-ಬಿಟ್. ಈ ಮೂರು ಸೇರಿದ ಫೈಲ್ ಅನ್ನು ಇಂಟೆಲ್‌ನ 11ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ನಿಂದ ಈಚೆಗಿನ ಒಳಗ್ರಾಫಿಕ್ಸ್ (ಪ್ರೊಸೆಸರ್ ಒಳಗೇ ಕೂತ ಗ್ರಾಫಿಕ್ಸ್; ಕ್ವಿಕ್ ಸಿಂಕ್ ಮೂಲೆ ಇರುವುದು ಅಲ್ಲೇ) ಬಿಡಿಸುತ್ತದೆ. ಆಪಲ್‌ನ ಎಂ ಸರಣಿಯ ಚಿಪ್‌ಗಳೂ ಬಿಡಿಸುತ್ತವೆ. ಎನ್‌ವಿಡಿಯಾ ಕಾರ್ಡ್‌ಗಳಿಗೆ ಈ ವಿದ್ಯೆ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕಿಂತ ಹಿಂದಿನ ಕಾರ್ಡ್ ಎಷ್ಟೇ ದೊಡ್ಡದಿದ್ದರೂ 4:2:2 ಕಂಡರೆ ಕೈಚೆಲ್ಲುತ್ತದೆ. ರೈಜನ್ 7000, 9000 ಡೆಸ್ಕ್‌ಟಾಪ್ ಚಿಪ್‌ಗಳ ಒಳಗಿರುವ ಪುಟ್ಟ ಗ್ರಾಫಿಕ್ಸ್ 4:2:0 ಅನ್ನು ಚೆನ್ನಾಗಿ ನಿಭಾಯಿಸುತ್ತದೆ, 4:2:2ಕ್ಕೆ ಆಗುವುದಿಲ್ಲ.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು. ಕೆಲವು ವರ್ಷದ ಹಿಂದೆ 16 ಕೋರ್‌ನ ಡೆಸ್ಕ್‌ಟಾಪ್ ಕಟ್ಟಿಸಿದೆ. ಜೊತೆಗೆ ಆಗಿನ ಕಾಲಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್. ಮೊದಲ ದಿನ ಕ್ಯಾಮೆರಾದ ಕ್ಲಿಪ್ ಎಳೆದು ಟೈಮ್‌ಲೈನ್ ಮೇಲೆ ಇಟ್ಟೆ. ಫ್ಯಾನ್ ವಿಮಾನದ ಹಾಗೆ ಕೂಗಿತು, ಚಿತ್ರ ತಡವರಿಸಿತು. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿಯ ತೆಳ್ಳನೆಯ ಲ್ಯಾಪ್‌ಟಾಪ್‌ನಲ್ಲಿ ಅದೇ ಕ್ಲಿಪ್ ಸರಾಗವಾಗಿ ಓಡಿತು. ಎರಡು ದಿನ ಡ್ರೈವರ್ ಬದಲಿಸಿದೆ, ಸಾಫ್ಟ್‌ವೇರ್ ಮತ್ತೆ ಹಾಕಿದೆ. ಕೊನೆಗೆ ಪ್ರೊಸೆಸರ್ ಪೆಟ್ಟಿಗೆ ಎತ್ತಿ ಹೆಸರು ಪೂರ್ತಿ ಓದಿದೆ. ಕೊನೆಯಲ್ಲಿ ಒಂದು ಎಫ್ ಇತ್ತು. ಎಫ್ ಇದ್ದರೆ ಒಳಗ್ರಾಫಿಕ್ಸ್ ಇಲ್ಲ ಎಂದರ್ಥ. ಹೇಗೂ ಕಾರ್ಡ್ ಇದೆಯಲ್ಲ, ಅದು ಯಾಕೆ ಅಂತ ಸ್ವಲ್ಪ ದುಡ್ಡು ಉಳಿಸಿದ್ದೆ. ನನಗೆ ಬೇಕಿದ್ದ ಮೂಲೆಯನ್ನೇ ಬಿಟ್ಟು ಬಂದಿದ್ದೆ.

ಹಾಗಾಗಿ ಇಂಟೆಲ್ ಕೊಳ್ಳುವುದಾದರೆ ಎಫ್ ಅಥವಾ ಕೆಎಫ್ ಎಂದು ಮುಗಿಯುವ ಹೆಸರಿನತ್ತ ಹೋಗಬೇಡಿ. ಇನ್ನೊಂದು ಚಿಕ್ಕ ವಿಷಯ. ಪ್ರತ್ಯೇಕ ಕಾರ್ಡ್ ಹಾಕಿದಾಗ ಕೆಲವು ಮದರ್‌ಬೋರ್ಡ್‌ಗಳು ಒಳಗ್ರಾಫಿಕ್ಸನ್ನು ತಾವೇ ಆಫ್ ಮಾಡಿಬಿಡುತ್ತವೆ. ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ಸಿಗುವ ಮೂಲ ಸೆಟ್ಟಿಂಗ್‌ಗೆ, ಹೋಗಿ ಅದನ್ನು ಮತ್ತೆ ಆನ್ ಮಾಡಬೇಕು. ಇದು ಗೊತ್ತಿಲ್ಲದೆ ಕ್ವಿಕ್ ಸಿಂಕ್ ಕೆಲಸಕ್ಕೇ ಬರಲ್ಲ ಅಂತ ಬೈದುಕೊಳ್ಳುವವರನ್ನು ನೋಡಿದ್ದೇನೆ. ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹೋಗುವ ಯೋಚನೆ ಇದ್ದರೆ, ಅದರ ಉಚಿತ ಆವೃತ್ತಿಯಲ್ಲಿ ಈ ಹಾರ್ಡ್‌ವೇರ್ ನೆರವು ಪೂರ್ತಿ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ.

ಕಂಪ್ಯೂಟರ್ ಕೊಳ್ಳದೆಯೂ ಒಂದು ದಾರಿ ಇದೆ. ಪ್ರಾಕ್ಸಿ. ಅಂದರೆ ನಿಮ್ಮ ಕ್ಲಿಪ್‌ಗಳದ್ದೇ, ಚಿತ್ರದ ಅಳತೆ ಇಳಿಸಿದ ನಕಲು. ಇದನ್ನು ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಬಗೆಯಲ್ಲಿ ಮಾಡಿದರೆ ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ತಿ ಇರುತ್ತದೆ. ಎಲ್ಲಿಗೆ ಜಿಗಿದರೂ ಚಿತ್ರ ಸಿದ್ಧ. ಫೈಲ್ ದಪ್ಪ, ಬಿಡಿಸುವುದು ಸಲೀಸು. ಎಡಿಟ್ ಇದರ ಮೇಲೆ, ಎಕ್ಸ್‌ಪೋರ್ಟ್ ಮೂಲ ಫೈಲ್‌ನಿಂದ. ಪ್ರೀಮಿಯರ್‌ನಲ್ಲಿ ಈ ಸೌಲಭ್ಯ ಇದ್ದೇ ಇದೆ. ಇವತ್ತು ರಾತ್ರಿ ಒಂದು ಪ್ರಾಜೆಕ್ಟ್‌ಗೆ ಪ್ರಾಕ್ಸಿ ಮಾಡಲು ಬಿಟ್ಟು ಮಲಗಿ. ಬೆಳಿಗ್ಗೆ ಅದೇ ಹಳೆಯ ಲ್ಯಾಪ್‌ಟಾಪ್ ಓಡತೊಡಗಿದರೆ ಕಾಯಿಲೆ ಯಾವುದು ಅಂತ ಖಚಿತವಾಯಿತು. ಕೊಳ್ಳುವುದನ್ನು ನಾಲ್ಕು ತಿಂಗಳು ಮುಂದಕ್ಕೂ ಹಾಕಬಹುದು.

ಫೋನ್ ಕ್ಲಿಪ್‌ಗಳಿಗೆ ಬೇರೆಯದೇ ಒಂದು ಚಾಳಿ ಇದೆ. ಫ್ರೇಮ್‌ಗಳು ಒಂದೇ ವೇಗದಲ್ಲಿ ಬರುವುದಿಲ್ಲ. ಬೆಳಕು ಕಡಿಮೆಯಾದರೆ ಫೋನ್ ಸುಮ್ನೆ ನಿಧಾನ ಮಾಡಿಬಿಡುತ್ತದೆ. ಮಾತು ಒಂದು ಕಡೆ, ತುಟಿ ಒಂದು ಕಡೆ ಆಗುವುದು ಇದರಿಂದ. ಯಾವ ಪ್ರೊಸೆಸರ್ ಕೊಂಡರೂ ಇದು ಸರಿಹೋಗುವುದಿಲ್ಲ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದೇ ಫ್ರೇಮ್ ರೇಟ್‌ಗೆ ತಂದುಕೊಂಡು ಎಡಿಟ್‌ಗೆ ಕೂರಿ.

ಈಗ ಕೋರ್‌ಗಳ ವಿಷಯ. ನಿಮ್ಮ ಎರಡನೇ ಗೆಳೆಯನ 16 ಕೋರ್.

ಒಂದು ಕೆಲಸ ಒಂದೇ ಕೋರ್‌ನಲ್ಲಿ 60 ನಿಮಿಷ ಹಿಡಿಯುತ್ತದೆ ಅಂದುಕೊಳ್ಳಿ. ಅದರಲ್ಲಿ 48 ನಿಮಿಷದ ಪಾಲು ಹಂಚಿಕೊಳ್ಳಬಹುದಾದದ್ದು. ಉಳಿದ 12 ನಿಮಿಷ ಒಂದಾದ ಮೇಲೆ ಒಂದು ಆಗಲೇಬೇಕಾದದ್ದು. ನಾಲ್ಕು ಕೋರ್ ಹಾಕಿದರೆ 12 ಮತ್ತು 12, ಒಟ್ಟು 24 ನಿಮಿಷ. ಎಂಟು ಹಾಕಿದರೆ 18. ಹದಿನಾರು ಹಾಕಿದರೆ 15. ಮೂವತ್ತೆರಡಕ್ಕೆ ಏರಿಸಿದರೂ ಹದಿಮೂರೂವರೆ. ನಾಲ್ಕರಿಂದ ಎಂಟಕ್ಕೆ ಹೋದಾಗ ಆರು ನಿಮಿಷ ಸಿಕ್ಕಿತು. ಹದಿನಾರರಿಂದ ಮೂವತ್ತೆರಡಕ್ಕೆ ಹೋದಾಗ ಒಂದೂವರೆ. ಜೀನ್ ಆಮ್ಡಾಲ್ 1967ರಲ್ಲೇ ಈ ಲೆಕ್ಕ ಮುಂದಿಟ್ಟಿದ್ದರು. ಆ 12 ನಿಮಿಷದ ಗೋಡೆಯನ್ನು ಒಡೆಯಲು ಒಂದೇ ಉಪಾಯ, ಒಂದೊಂದು ಕೋರೂ ಚುರುಕಾಗಿರಬೇಕು.

ಸಾಫ್ಟ್‌ವೇರ್‌ಗೆ ಸಾಫ್ಟ್‌ವೇರ್ ಈ ಗೋಡೆಯ ಎತ್ತರ ಬೇರೆ. ಫೋಟೊಶಾಪ್‌ನಲ್ಲಿ ಹೆಚ್ಚಿನ ಕೆಲಸ ಕೆಲವೇ ಕೋರ್‌ಗಳದ್ದು. ಅಲ್ಲಿ ಎಂಟು ಚುರುಕಾದ ಕೋರ್‌ಗಳ ಮುಂದೆ ಹದಿನಾರರದ್ದು ಏನೂ ಆಟ ನಡೆಯಲ್ಲ. ಫೋಟೊ ತಿದ್ದುವ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಸ್ಲೈಡರ್ ಎಳೆಯುವಾಗ ಒಂದು ಕಥೆ, ಐನೂರು ಫೋಟೊ ಎಕ್ಸ್‌ಪೋರ್ಟ್ ಮಾಡುವಾಗ ಇನ್ನೊಂದು ಕಥೆ. ವಿಡಿಯೊಗೆ ಅನಿಮೇಶನ್, ಇಫೆಕ್ಟ್ ಹಾಕುವ ಆಫ್ಟರ್ ಇಫೆಕ್ಟ್ಸ್ ಬಹಳ ವರ್ಷ ಒಂದು ಫ್ರೇಮ್ ಮುಗಿಸಿ ಇನ್ನೊಂದಕ್ಕೆ ಕೈಹಾಕುತ್ತಿತ್ತು. 2021ರ ಕೊನೆಯಲ್ಲಿ ಹಲವು ಫ್ರೇಮ್‌ಗಳನ್ನು ಒಟ್ಟಿಗೆ ರೆಂಡರ್ ಮಾಡುವ ವ್ಯವಸ್ಥೆ ಬಂತು. ಆಗ ಕೋರ್‌ಗಳಿಗೆ ಕೆಲಸ ಸಿಕ್ಕಿತು. ಆದರೆ ಒಟ್ಟಿಗೆ ಎತ್ತಿಕೊಂಡ ಪ್ರತಿ ಫ್ರೇಮೂ ರ‍್ಯಾಮ್ ಕೇಳುತ್ತದೆ.

ಬ್ಲೆಂಡರ್ ಕಲಿಯಬೇಕು ಅಂದಿರಿ. ಅದರಲ್ಲಿ ಅಂತಿಮ ಚಿತ್ರ ಮೂಡಿಸುವ ಸೈಕಲ್ಸ್ ಎಂಬ ಭಾಗ ಎಷ್ಟು ಕೋರ್ ಕೊಟ್ಟರೂ ನುಂಗುತ್ತದೆ. ಚಾರ್ಟ್‌ಗಳಲ್ಲಿ 16 ಕೋರ್ ಮೆರೆಯುವುದು ಇಂಥ ಕಡೆ. ಆದರೆ ಅದೇ ಸೈಕಲ್ಸನ್ನು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡಿಸಿದರೆ ಸಾಮಾನ್ಯವಾಗಿ ಪ್ರೊಸೆಸರ್‌ಗಿಂತ ಎಷ್ಟೋ ಬೇಗ ಮುಗಿಯುತ್ತದೆ. ಕಲಿಯುವವರು ದಿನದ ಹೆಚ್ಚಿನ ಹೊತ್ತು ಮಾಡುವುದು ಮಾಡೆಲಿಂಗ್. ಅಲ್ಲಿ ಮತ್ತೆ ಒಂದೆರಡು ಕೋರ್‌ಗಳದ್ದೇ ರಾಜ್ಯ. ಅಂದಮೇಲೆ ಬ್ಲೆಂಡರ್ ಹೆಸರಲ್ಲಿ ಪ್ರೊಸೆಸರ್‌ಗೆ ಜಾಸ್ತಿ ಸುರಿಯುವ ಬದಲು ಆ ದುಡ್ಡು ಕಾರ್ಡ್‌ಗೆ ಹೋಗಲಿ.

ನಿಮ್ಮ ಮೊದಲ ಗೆಳೆಯನ ಐ9ಕ್ಕೆ ಬರೋಣ. ಐ5, ಐ7, ಐ9 ಅನ್ನುವುದು ಒಂದು ತಲೆಮಾರಿನ ಒಳಗಿನ ಮೆಟ್ಟಿಲು ಮಾತ್ರ. ತಲೆಮಾರು ಬದಲಾದರೆ, ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಬಂದರೆ ಮೆಟ್ಟಿಲೇ ಬೇರೆ. ಒಂದು ಉದಾಹರಣೆ ನೋಡಿ. ಐ7-1255ಯು ಎಂಬ ಲ್ಯಾಪ್‌ಟಾಪ್ ಚಿಪ್‌ನಲ್ಲಿ 10 ಕೋರ್. ಐ5-12400 ಎಂಬ ಡೆಸ್ಕ್‌ಟಾಪ್ ಚಿಪ್‌ನಲ್ಲಿ 6. ಎರಡೂ 12ನೇ ತಲೆಮಾರಿನವು, ಎರಡರಲ್ಲೂ 12 ಥ್ರೆಡ್. ಹೆಸರು ನೋಡಿದರೆ ಯಾರಾದರೂ ಮೊದಲನೆಯದನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಆ ಹತ್ತರಲ್ಲಿ ದೊಡ್ಡ ಕೋರ್ ಎರಡೇ, ಉಳಿದ ಎಂಟು ವಿದ್ಯುತ್ ಉಳಿಸಲು ಇರುವ ಚಿಕ್ಕವು. ಐ5ನಲ್ಲಿ ಆರೂ ದೊಡ್ಡವು. ಜೊತೆಗೆ ಮೊದಲನೆಯದಕ್ಕೆ ಮೂಲತಃ ಗೊತ್ತುಮಾಡಿದ ವಿದ್ಯುತ್ 15 ವ್ಯಾಟ್, ಎರಡನೆಯದಕ್ಕೆ 65. ಅರ್ಧ ಗಂಟೆಯ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಈ ಐ5 ಆ ಐ7 ಅನ್ನು ಹಿಂದೆ ಹಾಕುತ್ತದೆ.

ಕೋರ್ ಎಣಿಸುವುದೂ ಹೀಗೇ ಎಡವಟ್ಟಾಗುತ್ತದೆ. ಐ9-14900ಕೆನಲ್ಲಿ 24 ಕೋರ್, 32 ಥ್ರೆಡ್. ಅದರ ನಂತರದ ಕೋರ್ ಅಲ್ಟ್ರಾ 9 285ಕೆನಲ್ಲಿ 24 ಕೋರ್, 24 ಥ್ರೆಡ್. ರೈಜನ್ 9 9950ಎಕ್ಸ್‌ನಲ್ಲಿ 16 ಕೋರ್, 32 ಥ್ರೆಡ್. ಇಂಟೆಲ್‌ನ ಆ 24ರಲ್ಲಿ ದೊಡ್ಡವು 8, ಚಿಕ್ಕವು 16. ರೈಜನ್‌ನದ್ದು 16ಕ್ಕೆ ಹದಿನಾರೂ ಒಂದೇ ಜಾತಿಯವು. ಇವನ್ನು ಪಕ್ಕಪಕ್ಕ ಇಟ್ಟು ಎಣಿಸಿ ಏನೂ ಗೊತ್ತಾಗುವುದಿಲ್ಲ. ಗಿಗಾಹರ್ಟ್ಸ್ ಅಂತೂ ಇನ್ನೂ ಹಳೆಯ ಬಲೆ. 2004ರಲ್ಲೇ ಪೆಂಟಿಯಂ 4 3.8 ಗಿಗಾಹರ್ಟ್ಸ್ ಮುಟ್ಟಿತ್ತು. ಇವತ್ತಿನ ಕೋರ್ ಅದೇ ವೇಗದಲ್ಲಿ ಓಡಿದರೂ ಒಂದೊಂದು ಬಡಿತಕ್ಕೆ ಮಾಡುವ ಕೆಲಸ ಹಲವು ಪಟ್ಟು.

ಲ್ಯಾಪ್‌ಟಾಪ್ ಬಗ್ಗೆ ಇನ್ನೊಂದೆರಡು ಮಾತು. ಅಲ್ಲಿ ಹೆಸರಿಗಿಂತ ಮುಖ್ಯ, ಪೆಟ್ಟಿಗೆ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದು. ಒಂದೇ ಚಿಪ್ ದಪ್ಪ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ, ತೆಳುವಿನಲ್ಲಿ ಐದು ನಿಮಿಷಕ್ಕೆ ಏದುಸಿರು ಬಿಡುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಯು ಎಂದು ಮುಗಿಯುವ ಹೆಸರು ಬ್ಯಾಟರಿ ಉಳಿಸಲು, ಎಚ್ ಮತ್ತು ಎಚ್‌ಎಕ್ಸ್ ದುಡಿಮೆಗೆ. ರೈಜನ್ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಒಂದು ಗುಟ್ಟಿದೆ. ಮೂರನೇ ಅಂಕಿ ಅದರೊಳಗಿನ ವಿನ್ಯಾಸ ಹೇಳುತ್ತದೆ. ರೈಜನ್ 5 7520ಯು ಹೊಸದರಂತೆ ಕಾಣುತ್ತದೆ. ಆದರೆ ಮೂರನೇ ಅಂಕಿ 2, ಅಂದರೆ ಝೆನ್ 2. ಅದು 2019ರಲ್ಲಿ ಬಂದ ವಿನ್ಯಾಸ. 7640ಯು ಆದರೆ ಝೆನ್ 4. ಎರಡರ ಮೇಲೂ ರೈಜನ್ 5 ಎಂದೇ ಇರುತ್ತದೆ. ಇದು ಗ್ರಾಹಕರ ಕಣ್ಣಿಗೆ ಮಣ್ಣೆರಚುವ ಹೆಸರಿಡುವಿಕೆ ಅಂತ ನನ್ನ ಅಭಿಪ್ರಾಯ.

ಗೆಳತಿಯ ಮ್ಯಾಕ್ ಸಲಹೆಯನ್ನು ಹಗುರವಾಗಿ ತಳ್ಳಿಹಾಕಬೇಡಿ. 2020ರ ಕೊನೆಗೆ ಎಂ1 ಬಂದಾಗಿನಿಂದ, ಕೂತು ಕಾಯುವ ಕಾಟ ಕಡಿಮೆ ಮಾಡುವುದರಲ್ಲಿ ಆಪಲ್ ಮುಂದಿದೆ. ವಿಡಿಯೊ ಬಿಡಿಸುವ ಮೂಲೆ ಗಟ್ಟಿಯಾಗಿದೆ, ಲ್ಯಾಪ್‌ಟಾಪ್ ಬಿಸಿಯಾಗುವುದೂ ಕಡಿಮೆ. ಪ್ರೋರೆಸ್ ಫೈಲ್‌ಗೆ ಪ್ರತ್ಯೇಕ ನೆರವು ಎಂ1 ಪ್ರೊ, ಎಂ1 ಮ್ಯಾಕ್ಸ್‌ನಲ್ಲಿ ಬಂತು. ಎಂ2ರಿಂದ ಮಾಮೂಲಿ ಚಿಪ್‌ಗೂ ಬಂತು. ಬ್ಲೆಂಡರ್ 2022ರಿಂದ ಆಪಲ್ ಗ್ರಾಫಿಕ್ಸ್ ಮೇಲೆ ರೆಂಡರ್ ಮಾಡುತ್ತದೆ. ಆದರೂ ಆ ಕೆಲಸಕ್ಕೆ ನಾನು ಎನ್‌ವಿಡಿಯಾ ಕಾರ್ಡನ್ನೇ ಆರಿಸುತ್ತೇನೆ. ಒಂದು ಕಟ್ಟುನಿಟ್ಟು ಏನೆಂದರೆ, ಈ ಮ್ಯಾಕ್‌ಗಳಲ್ಲಿ ಮೆಮೊರಿ ಚಿಪ್ ಜೊತೆಗೇ ಬೆಸೆದು ಬರುತ್ತದೆ. ಕೊಂಡ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ. ಗ್ರಾಫಿಕ್ಸೂ ಅದರಲ್ಲೇ ಪಾಲು ಕೇಳುತ್ತದೆ. 16 ಜಿಬಿಯ ದೊಡ್ಡ ಚಿಪ್‌ಗಿಂತ 24 ಅಥವಾ 32 ಜಿಬಿಯ ಚಿಕ್ಕ ಚಿಪ್ ನಿಮ್ಮಂಥವರಿಗೆ ಹೆಚ್ಚು ದಿನ ಬಾಳುತ್ತದೆ.

ವಿಂಡೋಸ್ ಕಡೆಗೂ ಇದೇ ಮಾತು. ಐ9 ಹಾಕಿ 16 ಜಿಬಿ ರ‍್ಯಾಮ್ ಇಡುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗೆ. ಪ್ರೀಮಿಯರ್, ಫೋಟೊಶಾಪ್, ಬ್ರೌಸರ್ ಮೂರೂ ತೆರೆದಿರುವ ಮಷಿನ್‌ಗೆ 32 ಕನಿಷ್ಠ. ಎರಡು ಕಡ್ಡಿಯಲ್ಲಿ ತಗೊಳ್ಳಿ. ಆಮೇಲೆ ಎರಡು ಸೇರಿಸಿದರಾಯಿತು ಅಂದುಕೊಳ್ಳಬೇಡಿ. ಈಗಿನ ಡಿಡಿಆರ್5 ಬಗೆಯ ಮೆಮೊರಿಯಲ್ಲಿ ನಾಲ್ಕು ಕಡ್ಡಿ ಆದರೆ ವೇಗ ಕುಸಿಯುತ್ತದೆ. ರೈಜನ್ 7000ಕ್ಕೆ ಎಎಂಡಿಯೇ ಕೊಟ್ಟ ಲೆಕ್ಕ ನೋಡಿ: ಎರಡು ಕಡ್ಡಿಗೆ 5200, ನಾಲ್ಕಕ್ಕೆ 3600. ಮುಂದೆ 64 ಬೇಕಾಗುತ್ತದೆ ಅನ್ನಿಸಿದರೆ ಈಗಲೇ 32ರ ಎರಡು ಹಾಕಿಸಿ.

ಕೆಲವು ಹೆಸರುಗಳನ್ನು ಬೇಗ ದಾಟಿಬಿಡೋಣ. ಎಕ್ಸ್3ಡಿ ಎಂದು ಮುಗಿಯುವ ರೈಜನ್‌ಗಳಲ್ಲಿ ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಪುಟ್ಟ ಮೆಮೊರಿ, ಜಾಸ್ತಿ. ಅದು ಗೇಮ್‌ಗೆ ವರ, ಎಡಿಟಿಂಗ್‌ಗೆ ಅಷ್ಟೇನೂ ಇಲ್ಲ. ಎಎಂಡಿಯ ಭಾರಿ ಚಿಪ್ ಥ್ರೆಡ್‌ರಿಪ್ಪರ್ ಸ್ಟುಡಿಯೊಗಳ ಮಾತು. ಎನ್‌ಪಿಯು ಎಂಬ ಎಐ ಮೂಲೆಯ ಬಗ್ಗೆ ಈಗ ಎಲ್ಲ ಜಾಹೀರಾತಿನಲ್ಲೂ ಗದ್ದಲ. ನಿಮ್ಮ ಸಾಫ್ಟ್‌ವೇರ್‌ಗಳ ಭಾರಿ ಎಐ ಕೆಲಸ, ಅಂದರೆ ಫೋಟೊದ ನಾಯ್ಸ್ ತೆಗೆಯುವಂಥದ್ದು, ಇವತ್ತಿಗೂ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡ್ ಮೇಲೆಯೇ ನಡೆಯುತ್ತದೆ. ಅದಕ್ಕಾಗಿ ಹೆಚ್ಚು ಕೊಡಬೇಡಿ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಒಂದು ಎಚ್ಚರಿಕೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಮಿತಿಮೀರಿ ಏರಿ ಚಿಪ್ ಸವೆಯುತ್ತಿದೆ ಎಂದು ಕಂಪನಿಯೇ 2024ರಲ್ಲಿ ಒಪ್ಪಿಕೊಂಡಿತು. ಬಯೋಸ್ ಮೂಲಕ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿ ಮುಂದಿನ ಹಾನಿ ತಡೆಯುತ್ತದೆ, ಆಗಿಹೋದ ಸವೆತವನ್ನು ವಾಪಸ್ ತರುವುದಿಲ್ಲ. ಹಳೆಯ ಮಾಲೀಕರು ಬಯೋಸ್ ಯಾವಾಗ ಅಪ್‌ಡೇಟ್ ಮಾಡಿದ್ದರು ಎಂದು ಕೇಳಿ. ಗೊತ್ತಿಲ್ಲ ಅಂದರೆ ಬಿಟ್ಟುಬಿಡಿ.

ವಿಮರ್ಶೆ ಓದುವಾಗ ಸಿನಿಬೆಂಚ್ ಅಂಕ ನೋಡಿ ಮರುಳಾಗಬೇಡಿ. ಅದರ ಎಲ್ಲ ಕೋರ್‌ಗಳ ಅಂಕ ಅಳೆಯುವುದು ಎದ್ದು ಹೋಗಿ ಕಾಯುವ ಕೆಲಸವನ್ನು. ಪ್ಯೂಜೆಟ್‌ಬೆಂಚ್ ಎಂಬ ಇನ್ನೊಂದು ಪರೀಕ್ಷೆ ಇದೆ. ಅದು ಪ್ರೀಮಿಯರ್, ಫೋಟೊಶಾಪ್, ರಿಸಾಲ್ವ್‌ಗಳನ್ನೇ ಓಡಿಸಿ ನೋಡುತ್ತದೆ. ಪ್ರೀಮಿಯರ್ ಫಲಿತಾಂಶದಲ್ಲಿ ಎಚ್.264, ಎಚ್.265 ಫೈಲ್‌ಗಳ ಅಂಕ ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಮೊದಲು ಓದಿ.

ಇಷ್ಟು ಹೇಳಿ ಅಡ್ಡಗೋಡೆ ಮೇಲೆ ದೀಪ ಇಡುವುದು ಸರಿಯಲ್ಲ. ಮೀಡಿಯಾಇನ್ಫೋ ಎಂಬ ಪುಟ್ಟ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಕ್ಯಾಮೆರಾದಿಂದ ನೇರ ಬಂದ ಒಂದು ಕ್ಲಿಪ್ ಅದರಲ್ಲಿ ತೆರೆಯಿರಿ. ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಎಂಬ ಸಾಲು ಹುಡುಕಿ. ಜೊತೆಗೆ ಫಾರ್ಮ್ಯಾಟ್ ಸಾಲು.

ಎಚ್‌ಇವಿಸಿ, 4:2:2 ಅಂತ ಇದ್ದರೆ ಇಂಟೆಲ್‌ನ ಕೋರ್ ಅಲ್ಟ್ರಾ 5 245ಕೆ ಅಥವಾ ಅಲ್ಟ್ರಾ 7 265ಕೆ ತಗೊಳ್ಳಿ, ಕೆಎಫ್ ಬೇಡ. 32 ಜಿಬಿ ರ‍್ಯಾಮ್, ಮಧ್ಯಮ ಗ್ರಾಫಿಕ್ಸ್ ಕಾರ್ಡ್. ಲ್ಯಾಪ್‌ಟಾಪೇ ಬೇಕು ಅನ್ನುವುದಾದರೆ 24 ಜಿಬಿಯ ಮ್ಯಾಕ್. 4:2:0 ಅಂತ ಇದ್ದರೆ ಹಾದಿ ಸಲೀಸು. ರೈಜನ್ 7 9700ಎಕ್ಸ್‌ನಂಥ ಎಂಟು ಕೋರ್‌ನ ಚಿಪ್ ಧಾರಾಳ ಸಾಕು. ಉಳಿದದ್ದನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ, ಬ್ಲೆಂಡರ್‌ಗೂ ಆಯಿತು. ಈ ಪ್ರೊಸೆಸರ್ ಕೂರುವ ಎಎಂ5 ಸಾಕೆಟನ್ನು ಎಎಂಡಿ 2027ರ ತನಕವಾದರೂ ಮುಂದುವರಿಸುವುದಾಗಿ ಹೇಳಿದೆ. ಮುಂದೊಂದು ದಿನ ಎದ್ದು ಹೋಗಿ ಕಾಯುವುದೇ ಜಾಸ್ತಿಯಾದರೆ ಅದೇ ಬೋರ್ಡ್‌ನಲ್ಲಿ ನಿಮ್ಮ ಗೆಳೆಯನ 16 ಕೋರ್ ಕೂರಿಸಬಹುದು. ಐ9 ಎರಡೂ ಲೆಕ್ಕದಲ್ಲಿ ಬರಲಿಲ್ಲ.

ಎವಿಸಿ (ಎಚ್.264ಕ್ಕೆ ಅಲ್ಲಿರುವ ಹೆಸರು), 4:2:2 ಅಂತ ಬಂದರೆ ಮಾತ್ರ ಅವಸರ ಮಾಡಬೇಡಿ. ಅದು ಎಲ್ಲಕ್ಕಿಂತ ಹಟಮಾರಿ ಜೋಡಿ. ಹೆಚ್ಚಿನ ಒಳಗ್ರಾಫಿಕ್ಸ್‌ಗೆ, ಹಳೆಯ ಕಾರ್ಡ್‌ಗಳಿಗೆ ಅದು ಜಗ್ಗುವುದಿಲ್ಲ. ಆಗ ಮೊದಲು ಕ್ಯಾಮೆರಾದ ಮೆನು ತೆರೆದು ಬೇರೆ ಫಾರ್ಮ್ಯಾಟ್‌ನಲ್ಲಿ ಒಂದು ವಾರ ಶೂಟ್ ಮಾಡಿ ನೋಡಿ.